ಆಲೆಮನೆಯ ಗೋಣಿಮರಕ್ಕೆ ಕಿಂಡಿ ತೆಗೆದದ್ದು

ಅವತ್ತು ಬೆಳಿಗ್ಗೆ ಆ ಗೋಣಿಮರದ ಕೆಳಗೆ ನಿಂತಿದ್ದವರು ನಾವು ಐದು ಜನ. ಮರ ಹತ್ತುವವನೊಬ್ಬ, ಹೊಣಕೆರೆ ಕಡೆಯವನು. ಕೆಳಗೆ ಹಗ್ಗ ಹಿಡಿಯುವ ಅಣ್ಣತಮ್ಮಂದಿರಿಬ್ಬರು. ಆ ಲೈನು ನೋಡಿಕೊಳ್ಳುವ ಪವರ್‌ಮ್ಯಾನು, ಅವನ ಊರು ಕಿರಂಗೂರು. ಮತ್ತೆ ನಾನು, ಕೆ.ಆರ್. ಪೇಟೆ ಕಡೆಯ ಬಡಗಿ ಮನೆತನದವನು, ಈಗ ಕರೆಂಟಿನವರಿಗೆ ಮರ ಸವರಿಕೊಡುವ ಗುಂಪಿನ ಮೇಸ್ತ್ರಿ. ಆಲೆಮನೆಯ ಯಜಮಾನಿ ಅಕ್ಕನೂ ಇದ್ದರು, ಆದರೆ ನಿಂತಿರಲಿಲ್ಲ. ಮರದ ಬೇರಿನ ಮೇಲೆ ಸೆರಗು ಬಿಗಿದುಕೊಂಡು ಕೂತುಬಿಟ್ಟಿದ್ದರು. ಎಬ್ಬಿಸುವವರು ಬರಲಿ ನೋಡೋಣ ಅನ್ನೋ ಹಾಗೆ.

"ಮರ ಬುಡಕ್ಕೇ ಹಾಕ್ತೀರಂತೆ, ದಿಟವಾ ಆಚಾರ್ರೆ?" ಅಂದರು.

"ಹಾಕೋಕೆ ಬಂದಿದ್ರೆ ಇಷ್ಟು ಹಗ್ಗ ಯಾಕಕ್ಕ ತರ್ತಿದ್ದೆ?" ಅಂದೆ.

"ಹಗ್ಗ ತಂದವರೆಲ್ಲ ಮರ ಉಳಿಸೋಕೆ ಬಂದವರು ಅಂತ ನಾನೆಲ್ಲೂ ಕೇಳಿಲ್ಲ ಕಣಪ್ಪ" ಅಂದರು. ಎದ್ದರು ಮಾತ್ರ ಇಲ್ಲ.

ಅವರು ಹೆದರಿದ್ದರಲ್ಲಿ ಅರ್ಥವಿತ್ತು. ಕ್ಯಾತನಹಳ್ಳಿಯಿಂದ ನಾಲೆ ಏರಿ ಹಿಡಿದು ಸ್ವಲ್ಪ ಮುಂದೆ ಬಂದರೆ ಆ ಆಲೆಮನೆ. ಅದರ ಮುಂದೆ ಈ ಗೋಣಿ. ಮರದ ನಡುನೆತ್ತಿಯಲ್ಲೇ ಹನ್ನೊಂದು ಕೆ.ವಿ. ಲೈನಿನ ಮೂರು ತಂತಿ ಹಾದು ಹೋಗುತ್ತವೆ. ಮರ ಮೊದಲಿನದು, ತಂತಿ ಆಮೇಲಿನದು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಯಾರೋ ಬಂದು ಮರದ ತಲೆಯನ್ನು ಮಟ್ಟಸವಾಗಿ ಹೊಡೆದು ಹೋಗುತ್ತಿದ್ದರು. ಗೋಣಿ ಬಲೇ ಭಂಡ ಮರ. ಕಡಿದ ಕಡೆಯೇ ಪೊರಕೆ ಕಟ್ಟಿದ ಹಾಗೆ ಚಿಗುರು ಒತ್ತಿ ಬಿಡುತ್ತೆ. ಮುಂಗಾರು ಬಲಿಯುವಷ್ಟರಲ್ಲಿ ಆ ಪೊರಕೆ ತಂತಿ ಮುಟ್ಟುವುದು, ಆಷಾಢದ ಗಾಳಿಗೆ ಉಜ್ಜುವುದು, ಕರೆಂಟಿನ ಸ್ಟೇಷನ್ನಿನಲ್ಲಿ ಲೈನು ಟ್ರಿಪ್ ಆಗಿ ಕಟ್ಟಾಗುವುದು. ಅದರ ಜೊತೆಗೆ ಸುತ್ತಿನ ಹಳ್ಳಿಗಳ ಕುಡಿಯುವ ನೀರಿನ ಮೋಟರೂ ನಿಲ್ಲುವುದು. ಬೈಸಿಕೊಳ್ಳುವವರು ಕರೆಂಟು ಆಫೀಸಿನ ಸೆಕ್ಷನ್ ಸಾಹೇಬರು.

ಅವರು ನನ್ನನ್ನು ಕರೆದು, "ಸಾಕಾಗೋಗಿದೆ ಆಚಾರ್ರೆ. ಬಿಂದಿಗೆ ಇಟ್ಕೊಂಡು ಕಾಯೋ ಹೆಂಗಸ್ರಿಗೆ ನಾನು ಮರದ ಕತೆ ಹೇಳಕ್ಕಾಗುತ್ತಾ? ಈ ಸಲ ಬುಡಕ್ಕೆ ಹಾಕ್ಬುಡಿ" ಅಂದಿದ್ದರು. ತಪ್ಪೇನೂ ಹೇಳಿರಲಿಲ್ಲ. ನಾನೇ, "ಸಾರ್, ಎರಡು ದಿನ ಕೊಡಿ. ತಲೆ ಹೊಡೆಯಲ್ಲ, ಬುಡಕ್ಕೂ ಹಾಕಲ್ಲ. ಲೈನು ಹೋಗೋಕೆ ಮರದೊಳಗೆ ಒಂದು ಕಿಂಡಿ ತೆಗೆದುಕೊಡ್ತೀನಿ" ಅಂತ ಕೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಕ್ಯಾಲೆಂಡರು ನೋಡಿ, "ಎರಡೇ ದಿನ. ಈ ಮಳೆಗಾಲದಲ್ಲಿ ಒಂದು ಸಲ ಟ್ರಿಪ್ ಆದ್ರೂ ಮರ ಇರಲ್ಲ, ಈಗ್ಲೇ ಹೇಳಿದೀನಿ" ಅಂದರು.

ಮರ ಹೋದರೆ ಅಕ್ಕ ಆಲೆಮನೆ ಎತ್ತಬೇಕಿತ್ತು. ಕಡಿದು ತಂದ ಕಬ್ಬು ಬಿಸಿಲಲ್ಲಿ ಬಿದ್ದರೆ ಅದರೊಳಗಿನ ಹಾಲು ಇಂಗುತ್ತೆ, ಬಂದದ್ದೂ ಹುಳಿ ಹೊಡೆಯುತ್ತೆ. ಬೆಂಕಿಯ ಮುಂದೆ ನಿಂತು ಬೆಲ್ಲ ಕಾಯಿಸುವವರು ಉಸಿರಾಡೋಕೆ ಈಚೆ ಬಂದರೆ ಆ ನೆರಳೇ ಗತಿ. "ಗಂಡ ಕಟ್ಟಿಸಿದ್ದು ಗೋಡೆ ಅಷ್ಟೇ ಆಚಾರ್ರೆ, ಸೂರು ಈ ಮರದ್ದು" ಅಂತ ಅಕ್ಕ ಹೇಳಿದ್ದರು. ಈಗ ಅವರ ಮೈದುನ ಜೊತೆಗಿದ್ದು ಗಾಣ ನೋಡಿಕೊಳ್ಳುತ್ತಾನೆ.

ಕಿಂಡಿ ಅಂದರೆ ಇಷ್ಟೇ. ತಂತಿಯ ಕಡೆಗೆ ಮುಖ ಮಾಡಿದ ಕೊಂಬೆಗಳನ್ನು ಮಾತ್ರ ಆರಿಸಿ, ಅವು ಹುಟ್ಟಿದ ಕವಲಿನಲ್ಲೇ ತೆಗೆಯುವುದು. ಆಚೆ ಈಚೆ ಹೊರಟ ಕೊಂಬೆಗಳನ್ನು ಮುಟ್ಟುವುದಿಲ್ಲ. ಆಗ ಮರ ತನ್ನ ಕಸುವನ್ನು ಉಳಿದ ಕೊಂಬೆಗಳಿಗೆ ಕೊಡುತ್ತೆ, ತಂತಿ ಕಡೆ ಪೊರಕೆ ಕಟ್ಟುವುದು ಕಮ್ಮಿ. ಆದರೆ ತಲೆ ಹೊಡೆಯುವುದು ಒಂದು ಹೊತ್ತಿನ ಕೆಲಸ, ಇದು ತಾಳ್ಮೆಯದು. ಒಂದೊಂದು ಕೊಂಬೆಯನ್ನೂ ಹಗ್ಗ ಕಟ್ಟಿ, ಮಲಗಿದ ಮಗುವನ್ನು ಕೆಳಗಿಡುವ ಹಾಗೆ ಇಳಿಸಬೇಕು.

ಪವರ್‌ಮ್ಯಾನು ಫೋನು ಹಚ್ಚಿ ಎಲ್‌ಸಿ ತೆಗೆದುಕೊಂಡ. ಎಲ್‌ಸಿ ಅಂದರೆ, ನೀವು ವಾಪಸು ಹೇಳುವ ತನಕ ಈ ಲೈನಿಗೆ ಕರೆಂಟು ಬಿಡುವುದಿಲ್ಲ ಅಂತ ಸ್ಟೇಷನ್ನಿನವರು ಕೊಡುವ ಮಾತು. ಮಾತು ಸಿಕ್ಕಿತು ಅಂತ ಮರ ಹತ್ತುವ ಹಾಗಿಲ್ಲ. ಕಂಬದ ಮೇಲಿನ ಸ್ವಿಚ್ಚು ಎಳೆದು, ಅದರ ಮೂರೂ ಕೈ ತಂತಿಯಿಂದ ಬಿಟ್ಟುಕೊಂಡಿರುವುದನ್ನು ಕಣ್ಣಾರೆ ನೋಡಿ, ಟೆಸ್ಟರು ಹಿಡಿದು, ಆಮೇಲೆ ಉದ್ದನೆಯ ಕೋಲಿನಿಂದ ತಂತಿಗಳಿಗೆ ಅರ್ತಿಂಗ್ ಚೈನು ಸಿಕ್ಕಿಸಿ ಅದರ ಬಾಲವನ್ನು ನೆಲಕ್ಕೆ ಹೊಡೆದ ಸಲಾಕೆಗೆ ಬಿಗಿಯಬೇಕು. ತಪ್ಪಿ ಕರೆಂಟು ಬಂದರೂ ಅದು ಮನುಷ್ಯನನ್ನು ಬಿಟ್ಟು ನೆಲಕ್ಕೆ ಹೋಗಲಿ ಅಂತ.

ಮರದ ಆಚೆ ಬದಿಯಲ್ಲಿ ಅದೇ ಲೈನಿನ ಮೇಲೆ ಆಲೆಮನೆಯ ಟ್ರಾನ್ಸ್‌ಫಾರ್ಮರು. ಅದಕ್ಕೂ ಒಂದು ಸ್ವಿಚ್ಚಿತ್ತು, ತುಕ್ಕು ಹಿಡಿದು ಕೂತಿತ್ತು. ಪವರ್‌ಮ್ಯಾನು ಜೋತುಬಿದ್ದು ಎಳೆದ, ಕದಲಲಿಲ್ಲ. ಹಾಗಾಗಿ ಆಚೆ ಬದಿಗೂ ಇನ್ನೊಂದು ಚೈನು ಹಾಕಿಸಿದೆ. ಆಲೆಮನೆಯ ಮೀಟರು ಬೋರ್ಡಿನ ಫ್ಯೂಸುಗಳನ್ನೂ ಮೈದುನನ ಕೈಲೇ ಕೀಳಿಸಿದೆ.

"ಎರಡೆರಡು ಕಡೆ ಚೈನು ಯಾಕಣ್ಣ, ಮದುವೆ ಹೆಣ್ಣಿಗಾ?" ಅಂದ ಮರ ಹತ್ತುವವನು, ಸೊಂಟಕ್ಕೆ ಬೆಲ್ಟು ಬಿಗಿಯುತ್ತಾ.

"ನಿನ್ ಹೆಂಡ್ತಿ ನನ್ ತಾವ ಬಂದು ಕೇಳೋ ಹಂಗೆ ಆಗಬಾರದಲ್ಲ, ಅದಕ್ಕೆ. ಹತ್ತು ಸುಮ್ನೆ."

"ಅವಳು ಕೇಳಲ್ಲ ಬುಡಣ್ಣ. ಬೇರೆ ಮೇಸ್ತ್ರಿ ತಾವ ಕೆಲಸಕ್ಕೆ ಓಯ್ತಾಳೆ."

ಗೋಣಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅದರ ಹಾಲು ಗರಗಸಕ್ಕೆ ಅಂಟಿಕೊಂಡು ಹಲ್ಲು ಕಟ್ಟಿಬಿಡುತ್ತೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಕುಯ್ಯಬೇಕು. ಕೊಂಬೆಯ ಬುಡದಲ್ಲಿ ಬಳೆ ತೊಟ್ಟ ಹಾಗೆ ಒಂದು ಉಬ್ಬು ಇರುತ್ತೆ. ಅದನ್ನು ಮರಕ್ಕೇ ಬಿಟ್ಟು ಅದರಾಚೆ ಕುಯ್ದರೆ ಗಾಯ ತಾನಾಗಿ ಮುಚ್ಚಿಕೊಳ್ಳುತ್ತೆ. ಮೊದಲು ಸ್ವಲ್ಪ ಮುಂದೆ, ಕೆಳಗಿನಿಂದ ಒಂದು ಕಚ್ಚು ಹಾಕಿಕೊಳ್ಳಬೇಕು. ಆಮೇಲೆ ಮೇಲಿನಿಂದ. ಹಾಗೆ ಮಾಡದೆ ಮೇಲಿನಿಂದಲೇ ಕುಯ್ದರೆ ಕೊಂಬೆ ಬೀಳುವಾಗ ಬಾಳೆಸಿಪ್ಪೆ ಸುಲಿದ ಹಾಗೆ ಕಾಂಡದ ತೊಗಟೆಯನ್ನೆಲ್ಲ ಎಳೆದುಕೊಂಡು ಬರುತ್ತೆ. ನಮ್ಮ ತಾತ ಗೋಣಿಮರ ಕಂಡರೆ, "ಒಂದು ಮಣೆಗೂ ಬರದ ಮರ" ಅಂತ ಮುಖ ತಿರುಗಿಸೋರು. ಆದರೆ ಮರ ಯಾವುದೇ ಇರಲಿ, ಕುಯ್ಯುವ ಮುಂಚೆ ಅದರ ಭಾರ ಯಾವ ಕಡೆಗಿದೆ ಅಂತ ಸುತ್ತು ಬಂದು ನೋಡೋದು ಕಲಿಸಿದ್ದು ಅವರೇ.

ಹಾಗೆ ನೋಡಿಯೂ ಮಧ್ಯಾಹ್ನದ ಮೇಲೆ ಎಡವಟ್ಟಾಯಿತು. ಒಂದು ಕೊಂಬೆ ಇಳಿಸುವಾಗ ಎಲೆಯ ಭಾರಕ್ಕೆ ಗಿರ್ರನೆ ಸುತ್ತಿ, ಹಗ್ಗದಲ್ಲಿದ್ದವರ ಹಿಡಿತ ಮೀರಿ ತಂತಿಯ ಮೇಲೆ ಹೋಗಿ ಮಲಗಿತು. ಪಕ್ಕದ ಕಂಬದ ಮೇಲೆ ತಂತಿ ಹಿಡಿದಿದ್ದ ಪಿಂಗಾಣಿ ಬಿಲ್ಲೆಯೊಂದು ಟಪ್ಪನೆ ಒಡೆಯಿತು. ಪವರ್‌ಮ್ಯಾನು ತಲೆ ಮೇಲೆ ಕೈ ಹೊತ್ತುಕೊಂಡ. ಕೊಂಬೆಯನ್ನು ಬಿಡಿಸಿ, ಹೊಸ ಬಿಲ್ಲೆ ತರಿಸಿ ಹಾಕುವಷ್ಟರಲ್ಲಿ ಹೊತ್ತು ಇಳಿಯಿತು. ಅಲ್ಲಿಂದ ಮುಂದೆ ಪ್ರತಿ ಕೊಂಬೆಗೂ ಎರಡು ಹಗ್ಗ, ಭಾರಕ್ಕೊಂದು, ತಿರುಗದ ಹಾಗೆ ಪಕ್ಕಕ್ಕೆ ಎಳೆದು ಹಿಡಿಯೋಕೆ ಇನ್ನೊಂದು. ಅವತ್ತಿಗೆ ಚೈನು ಬಿಚ್ಚಿ ಕರೆಂಟು ವಾಪಸು ಕೊಟ್ಟು ಹೊರಟೆವು. ನಮ್ಮ ಹಿಂದೆಯೇ ಗಾಣ ಗರಗರ ಅನ್ನತೊಡಗಿತು. ಹಗಲು ನಿಂತ ಕೆಲಸವನ್ನೆಲ್ಲ ಅವರು ಆಮೇಲೆ ಎಳೆದುಕೊಳ್ಳಬೇಕಿತ್ತು.

ಮಾರನೆಯ ದಿನ ಬೇರೆ ಕಡೆ ಏನೋ ಕೆಟ್ಟು, ನಮಗೆ ಎಲ್‌ಸಿ ಸಿಗೋದೇ ತಡವಾಯಿತು. ಬಿಸಿಲು ಚುರುಕಾಗಿತ್ತು. ಮತ್ತೆ ಸ್ವಿಚ್ಚು, ಟೆಸ್ಟರು, ಎರಡೂ ಕಡೆ ಚೈನು. "ಆಚೆ ಬದೀದು ಬುಟ್ಬುಡಣ ಆಚಾರ್ರೆ, ಹೊತ್ತಾಗೋಯ್ತು" ಅಂದ ಪವರ್‌ಮ್ಯಾನು. ಬಿಡೋಣ ಅಂತ ನನಗೂ ಒಂದು ಗಳಿಗೆ ಅನ್ನಿಸಿತು. ಆದರೆ ತುಕ್ಕು ಹಿಡಿದ ಸ್ವಿಚ್ಚು ಅಲ್ಲೇ ಕೂತಿತ್ತಲ್ಲ, ಅದನ್ನು ನೋಡಿ ಹಾಕಿಸಿದೆ. ಫ್ಯೂಸು ಕೀಳಿಸೋದು ಮಾತ್ರ ಆ ಅವಸರದಲ್ಲಿ ಬಿಟ್ಟುಹೋಯಿತು. ನಿನ್ನೆ ಕಿತ್ತವರು ಇವತ್ತೂ ಕಿತ್ತಿರುತ್ತಾರೆ ಅಂದುಕೊಂಡೆವು. ಅವರು ಹಿಂದಿನ ಸಂಜೆಯೇ ಮತ್ತೆ ಹಾಕಿಕೊಂಡಿದ್ದರು.

ಉಳಿದಿದ್ದದ್ದು ಒಂದೇ ದೊಡ್ಡ ಕೊಂಬೆ. ಅದೇ ಕಷ್ಟದ್ದು. ಕಬ್ಬು ರಾಶಿ ಹಾಕುವ ಕಣದ ಮೇಲಿಂದ ಹಾದು, ತಂತಿಯನ್ನು ತೋಳಲ್ಲಿ ತಬ್ಬಿದ ಹಾಗೆ ಬಾಗಿತ್ತು. ಅದರಲ್ಲಿ ತಂತಿ ಕಡೆಯ ಕವಲು ಹೋಗಬೇಕು, ಕಣದ ಕಡೆಯದು ಉಳಿಯಬೇಕು. ಮರ ಹತ್ತುವವನು ಕವಲಿನಲ್ಲಿ ಕಾಲು ಕೊಟ್ಟು, ಒಂದು ಮೊಣಕೈಯನ್ನು ನಡುವಣ ತಂತಿಯ ಮೇಲೇ ಊರಿಕೊಂಡು ಹಗ್ಗ ಕಟ್ಟುತ್ತಿದ್ದ.

ಆಗ ಆಲೆಮನೆಯ ಹಿಂದುಗಡೆಯಿಂದ ದುಗುದುಗು ಅಂತ ಸದ್ದು ಬಂತು. ಯಾರದೋ ಟ್ರಾಕ್ಟರು ಅಂದುಕೊಂಡೆ. ಆ ಸದ್ದು ಇದ್ದಕ್ಕಿದ್ದ ಹಾಗೆ ಗಂಟಲು ಹಿಸುಕಿದಂತಾಗಿ ಗೊರಗೊರ ಅಂದು ನಿಂತುಹೋಯಿತು. ಅದೇ ಹೊತ್ತಿಗೆ ಆಚೆ ಬದಿಯ ಚೈನು ಹಾವಿನ ಹಾಗೆ ಒಮ್ಮೆ ಅದುರಿ, ಸಲಾಕೆಯ ಬುಡದಲ್ಲಿ ಚಿಟಿಲ್ ಅಂತ ಕಿಡಿ ಹಾರಿತು.

"ಕೈ ತೆಗೀಲಾ! ತಂತಿ ಬುಡು, ಬುಡ್ಲಾ!" ಅಂತ ಕೂಗಿಕೊಂಡೆ. ಮೇಲಿದ್ದವನು ಎರಡೂ ಕೈ ಎತ್ತಿ ಬೆಲ್ಟಿನಲ್ಲೇ ಜೋತುಬಿದ್ದ. "ಏನಾಯ್ತಣ್ಣ?" ಅಂತ ಕೇಳಿದ. ಅವನಿಗೆ ಏನೂ ತಾಕಿರಲಿಲ್ಲ.

ಹಿಂದುಗಡೆ ಓಡಿದೆ. ಮದುವೆ ಮನೆಗಳಿಗೆ ಬರುತ್ತಲ್ಲ, ಅಂಥ ಶಾಮಿಯಾನದಂಗಡಿಯ ಜನರೇಟರು ಗಾಡಿಯ ಮೇಲೆ ಹೊಗೆಯಾಡುತ್ತಿತ್ತು. ಅದರ ವೈರು ಮೀಟರು ಬೋರ್ಡಿಗೆ ಸಿಕ್ಕಿಸಿತ್ತು. ಫ್ಯೂಸುಗಳೆಲ್ಲ ಜಾಗದಲ್ಲೇ ಇದ್ದವು. ಮೈದುನ ಕೆಟ್ಟುಹೋದ ಜನರೇಟರಿಗೆ ಬೈಯುತ್ತಾ ನಿಂತಿದ್ದ. ಹಿಂದಿನ ಸಂಜೆಯಿಂದ ಹಿಂಡಿದ ಕಬ್ಬಿನ ಹಾಲು ತೊಟ್ಟಿ ತುಂಬಾ ನಿಂತಿತ್ತು. ಬಿಸಿಲಿಗೆ ಅದು ಹುಳಿಯಾಗುವ ಮೊದಲು ಮೋಟರಿನಲ್ಲಿ ಎತ್ತಿ ಕೊಪ್ಪರಿಗೆಗೆ ಬಿಡಬೇಕಿತ್ತು. ಅದಕ್ಕೆ ತರಿಸಿದ್ದ.

"ಫ್ಯೂಸು ಯಾಕಪ್ಪ ಕೀಳ್ಲಿಲ್ಲ?"

"ಕರೆಂಟೇ ಇಲ್ವಲ್ಲ ಆಚಾರ್ರೆ, ಇಲ್ಲದಿರೋ ಕರೆಂಟಿಗೆ ಫ್ಯೂಸು ಯಾಕೆ ಕೀಳೋದು?" ಅಂದ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದ. ಕರೆಂಟು ಅಂದರೆ ನಾಲೆ ನೀರಿನ ಹಾಗೆ, ಮೇಲಿನಿಂದ ಕೆಳಕ್ಕೆ ಬರುವಂಥದ್ದು ಅಂತ ಅವನ ಲೆಕ್ಕ. ಮನೆಯಲ್ಲಿ ಹುಟ್ಟಿದ ಕರೆಂಟು ಅದೇ ಟ್ರಾನ್ಸ್‌ಫಾರ್ಮರಿನೊಳಗೆ ಹೊಕ್ಕು, ಹತ್ತಾರು ಪಟ್ಟು ಹಿಗ್ಗಿ, ಮೇಲಿನ ತಂತಿಗೆ ಏರುತ್ತೆ ಅಂತ ಬಿಡಿಸಿ ಹೇಳಿದೆ. ಆಚೆ ಬದಿಯಲ್ಲಿ ಚೈನು ಇಲ್ಲದಿದ್ದರೆ ಅದು ಯಾರ ಮೊಣಕೈಗೆ ಬರುತ್ತಿತ್ತು ಅಂತ ಬೆರಳು ಮಾಡಿ ತೋರಿಸಿದೆ. ಅವನು ಮರದ ಕಡೆ ನೋಡಿದ. ಅಲ್ಲೇ ರಚ್ಚಿನ ರಾಶಿಯ ಮೇಲೆ, ಹಿಂಡಿದ ಕಬ್ಬಿನ ಸಿಪ್ಪೆಯ ಮೇಲೆ, ಕುಸಿದು ಕೂತ.

ಅಷ್ಟರಲ್ಲಿ ಅಕ್ಕ ಬಂದರು. "ಏನ್ಲಾ ಮಾಡ್ದೆ? ಮನೇಲಿ ಬಿಂದಿಗೆ ಇರ್ನಿಲ್ವೇನ್ಲಾ? ಕೈಲಿ ಮೊಗೆದಾಕಿದ್ರೆ ನಿನ್ ಗಂಟೇನು ಓಯ್ತಿತ್ತು? ಎತ್ತಿ ಆಡ್ಸಿದ ಕೈಲೇ ಒದೀಬೇಕು ನಿನ್ನ" ಅಂತ ಬೈದರು. ಬೈಯುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ, "ಮರ ಬುಡಕ್ಕೆ ಹಾಕ್ಬುಡಿ ಆಚಾರ್ರೆ. ಒಂದು ಜೀವಕ್ಕಿಂತ ನೆರಳು ದೊಡ್ಡದಲ್ಲ. ನಾನೇ ಯೋಳ್ತಾ ಇವ್ನಿ" ಅಂದರು.

ಫ್ಯೂಸುಗಳನ್ನೆಲ್ಲ ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಜನರೇಟರಿನ ವೈರು ಸುತ್ತಿ ಗಾಡಿಯನ್ನು ಬೇಲಿಯಾಚೆ ತಳ್ಳಿಸಿದೆ. ಸಾಹೇಬರಿಗೆ ಫೋನು ಮಾಡಿ ನಡೆದದ್ದು ನಡೆದ ಹಾಗೆ ಹೇಳಿದೆ. "ಎಲ್ಲಾರೂ ಚೆನ್ನಾಗಿದಾರಾ?" ಅಂದರು. ಚೆನ್ನಾಗಿದ್ದಾರೆ ಅಂದೆ. "ಸಂಜೆ ರೈತರ ಪಂಪ್‌ಸೆಟ್ಟಿಗೆ ಕರೆಂಟು ಬಿಡೋ ತ್ರೀ ಫೇಸ್ ಬ್ಯಾಚು ಇದೆ. ಅಷ್ಟರೊಳಗೆ ಮುಗೀಬೇಕು. ಆ ಕೊಂಬೆ ನಡುವಿಗೇ ಕುಯ್ದು ಕೆಡವಿ ಬಂದ್ಬುಡಿ. ಇಲ್ಲ, ನಿಧಾನಕ್ಕೆ ಇಳಿಸ್ತೀರ ಅಂದ್ರೆ, ಅಲ್ಲಿ ಇರೋರು ನೀವು, ನೀವೇ ನೋಡಿ ಹೇಳಿ. ಆದರೆ ಬ್ಯಾಚಿಗೆ ತಡ ಆದ್ರೆ ರೈತರಿಗೆ ನೀವೇ ಉತ್ತರ ಕೊಡಬೇಕು" ಅಂದರು.

ನಡುವಿಗೆ ಕುಯ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಕಣದ ಮೇಲಿನ ನೆರಳೂ ಹೋಗುತ್ತಿತ್ತು, ಉಳಿದ ಮೋಟಿನಲ್ಲಿ ಮತ್ತೆ ಪೊರಕೆ ಒಡೆದು ಆಷಾಢಕ್ಕೆ ತಂತಿ ಮುಟ್ಟುತ್ತಿತ್ತು. ಅಲ್ಲಿಗೆ ಮರವೂ ಹೋದ ಹಾಗೆಯೇ. ಕವಲಿಗೆ ಸರಿಯಾಗಿ ತುಂಡು ತುಂಡಾಗಿ ಇಳಿಸಬೇಕಾದರೆ ಮೇಲೆ ಹೋಗಿ ಕೂರುವವನು ಒಬ್ಬನೇ. ಅವನ ಪರವಾಗಿ ನಾನು ಹೂಂ ಅನ್ನೋದು ಸರಿಯಲ್ಲ. ಅವನನ್ನು ಇಳಿಸಿ, ಪಕ್ಕ ಕೂರಿಸಿಕೊಂಡು, "ನೀನೇ ಹೇಳು" ಅಂದೆ.

ಅವನು ತನ್ನ ಕೈ ಮುಂದೆ ಚಾಚಿ ನೋಡಿಕೊಂಡ. "ನಡುಗ್ತಾ ಅವೆ ಕಣಣ್ಣ. ಮೊದ್ಲು ಊಟ ಹಾಕ್ಸು, ಆಮ್ಯಾಕೆ ಕೇಳು."

ಅಕ್ಕ ಅಲ್ಲೇ ಮುದ್ದೆ, ಅವರೆಕಾಳು ಸಾರು ತರಿಸಿದರು. ಅವನು ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ. ಮೈದುನ ಎದುರು ಬಂದು ತಟ್ಟೆ ನೋಡುತ್ತಾ ನಿಂತ. ಮರ ಹತ್ತುವವನೇ ತಲೆಯೆತ್ತಿ, "ಏನ್ ಗೌಡ, ಉಪ್ಪು ಸಾಲದು ಅಂತ ನೋಡ್ತಾ ಇದೀಯಾ? ಸರ್ಯಾಗದೆ. ಓಗು, ಹಾಲು ಮೊಗೆಯೋಗು, ಹುಳಿ ಆಯ್ತದೆ" ಅಂದ. ಆಮೇಲೆ ಕೈ ತೊಳೆದು ಮತ್ತೆ ಚಾಚಿ ನೋಡಿಕೊಂಡು, "ಈಗ ಪರವಾಗಿಲ್ಲ. ಇಳಿಸೋಣ ಬಾ. ಅರ್ಧ ಕ್ಷೌರ ಮಾಡಿ ಎದ್ದೋದ್ರೆ ಮರ ನಗಾಡ್ತದೆ" ಅಂದ.

ನಾನೂ ಪವರ್‌ಮ್ಯಾನೂ ಮತ್ತೆ ಮೊದಲಿನಿಂದ ಎಲ್ಲ ನೋಡಿಕೊಂಡು ಬಂದೆವು. ಸ್ವಿಚ್ಚು, ಟೆಸ್ಟರು, ಈಚೆಯ ಚೈನು, ಆಚೆಯ ಚೈನು. ಈ ಸಲ ಅವನೇ ಆಚೆಯದನ್ನು ಎರಡು ಸಲ ಜಗ್ಗಿ ನೋಡಿದ. ಮೈದುನ ಆಳುಗಳನ್ನು ಸಾಲಾಗಿ ನಿಲ್ಲಿಸಿ, ತೊಟ್ಟಿಯಿಂದ ಕೊಪ್ಪರಿಗೆಗೆ ಬಿಂದಿಗೆ ಮೇಲೆ ಬಿಂದಿಗೆ ದಾಟಿಸತೊಡಗಿದ. ಒಂದು ಕಡೆ ಹಾಲು ಏರುತ್ತಿತ್ತು, ಇನ್ನೊಂದು ಕಡೆ ಕೊಂಬೆ ಇಳಿಯುತ್ತಿತ್ತು. ಭಾರದ ಹಗ್ಗವನ್ನು ಕಾಂಡಕ್ಕೆ ಸುತ್ತು ಹಾಕಿ ಅಣ್ಣ ಸಡಿಲ ಬಿಡುವುದು, ಪಕ್ಕದ ಹಗ್ಗವನ್ನು ತಮ್ಮ ಎಳೆದು ಹಿಡಿಯುವುದು. "ಬುಡು... ಬುಡು... ತಡಿ... ಬುಡು" ಅಂತ ಮೇಲಿನ ಮಾತು. ಒಂದು ತುಂಡೂ ತಂತಿಗೆ ತಾಕಲಿಲ್ಲ.

ಆದರೂ ಹೊತ್ತು ಮೀರಿತು. ಬ್ಯಾಚಿನ ಕರೆಂಟು ಬರಲಿಲ್ಲ ಅಂತ ಗದ್ದೆಗಳಿಂದ ಜನ ಒಬ್ಬೊಬ್ಬರೇ ಬಂದು ಸೇರಿದರು. ಒಬ್ಬ ಯಜಮಾನರು ಟವೆಲ್ಲು ಕೊಡವಿ, "ಏನ್ರಪ್ಪ, ಮರಕ್ಕೆ ಜಡೆ ಹಾಕ್ತಾ ಇದ್ದೀರಾ? ನನ್ ನಾಟಿ ಒಣಗ್ತಾ ಅದೆ" ಅಂತ ಶುರು ಮಾಡಿದರು. ಉತ್ತರ ಕೊಡೋಕೆ ನಾನು ಬಾಯಿ ತೆಗೆಯುವ ಮೊದಲೇ ಅಕ್ಕ ಎದ್ದು ಹೋದರು.

"ಮಾವ, ಅವರನ್ನ ಅನ್ನಬ್ಯಾಡಿ. ತಪ್ಪು ನಮ್ಮ ಮನೇದು. ನಮ್ಮುಡುಗನ ದೆಸೆಯಿಂದ ಇವತ್ತು ಆ ಮರದ ಮೇಲೆ ಒಂದು ಹೆಣ ನೇತಾಡ್ಬೇಕಿತ್ತು, ನೇತಾಡ್ನಿಲ್ಲ. ಇವತ್ತಿನ ಬ್ಯಾಚು ನನಗೋಸ್ಕರ ಬುಟ್ಕೊಡಿ."

ಯಜಮಾನರು ಮೇಲೆ ನೋಡಿದರು. ಮರ ಹತ್ತುವವನು ಅಲ್ಲಿಂದಲೇ ಕೈ ಮುಗಿದ. "ಹಂಗಾ ಸಮಾಚಾರ. ಇಳೀಲಿ ಬುಡವ್ವ ನಿಧಾನಕ್ಕೆ" ಅಂದು ಅವರು ಕೆಳಗೆ ಕೂತರು. ಉಳಿದವರೂ ಕೂತರು. ಅದರಲ್ಲಿ ಇಬ್ಬರು ಸುಮ್ಮನೆ ಕೂರಲಾರದೆ ಬಿಂದಿಗೆ ಸಾಲಿನಲ್ಲಿ ಹೋಗಿ ನಿಂತುಕೊಂಡರು.

ಕೊನೆಯ ತುಂಡು ಇಳಿದ ಮೇಲೆ ಬುಡದ ಉಬ್ಬಿನಾಚೆ ನಯವಾಗಿ ಕುಯ್ದು ಅವನು ಇಳಿದು ಬಂದ. ಎಲ್ಲರೂ ನೆಲದ ಮೇಲಿದ್ದೇವಾ ಅಂತ ಒಬ್ಬೊಬ್ಬರನ್ನೂ ಮುಟ್ಟಿ ನೋಡಿ, ಗರಗಸ ಹಗ್ಗ ಎಲ್ಲ ಈಚೆ ತಂದು, ಎರಡೂ ಚೈನು ಬಿಚ್ಚಿಸಿ, ಫ್ಯೂಸುಗಳನ್ನು ಅಕ್ಕನ ಕೈಗೆ ಕೊಟ್ಟೆ. ಪವರ್‌ಮ್ಯಾನು ಎಲ್‌ಸಿ ವಾಪಸು ಮಾಡಿದ. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಮರದ ನಡುವೆ ಒಂದು ಉದ್ದನೆಯ ಕಿಂಡಿ, ಅದರಲ್ಲಿ ಬೆಳಕು, ಬೆಳಕಿನಲ್ಲಿ ಮೂರು ತಂತಿ. ಕಣದ ಮೇಲೆ ನೆರಳು ಇದ್ದ ಹಾಗೇ ಇತ್ತು. ಅಕ್ಕ ಕಬ್ಬಿನ ಗರಿಯ ಮೇಲೆ ಬಿಸಿ ಬೆಲ್ಲ ಹಾಕಿ, ಬ್ಯಾಚು ಬಿಟ್ಟುಕೊಟ್ಟ ರೈತರಿಗೂ ನಮಗೂ ಕೊಟ್ಟರು. ಸ್ವಲ್ಪ ಕಪ್ಪಾಗಿತ್ತು, ಹಾಲು ತಡವಾಗಿ ಕಾದದ್ದಕ್ಕೆ. ರುಚಿಗೇನೂ ಕಮ್ಮಿಯಿರಲಿಲ್ಲ.

ಆಷಾಢದಲ್ಲಿ ಒಂದು ದಿನ, ಜೋರು ಗಾಳಿ ಬೀಸಿದ ಮಾರನೆಯ ಬೆಳಿಗ್ಗೆ, ಅಕ್ಕನ ಫೋನು ಬಂತು. "ಆಚಾರ್ರೆ, ಗೋಣಿ ಕೊಂಬೆ ಮುರ್ಕೊಂಡ್ ಬಿದ್ದದೆ." ನಾನು ಚಪ್ಪಲಿ ಮೆಟ್ಟುತ್ತಲೇ ಕೇಳಿದೆ, "ಲೈನ್ ಮೇಲಾ ಅಕ್ಕ?"

"ಲೈನ್ ಮೇಲೆ ಯಾಕ್ ಬೀಳುತ್ತೆ, ನೀವು ಅತ್ತ ಕೊಂಬೇನೇ ಬುಟ್ಟಿಲ್ವಲ್ಲ! ನನ್ ಆಲೆಮನೆ ಶೀಟ್ ಮೇಲೆ ಬಿದ್ದದೆ. ಒಳಗೆ ಕೂತ್ರೆ ಆಕಾಸ ಕಾಣ್ತದೆ. ಬತ್ತೀರೋ ಇಲ್ವೋ?"

ಮರ ಹತ್ತುವವನನ್ನೂ ಕರೆದುಕೊಂಡು ಹೋದೆ. ನಾವು ಮುಟ್ಟದೆ ಬಿಟ್ಟಿದ್ದ ಹಿಂಬದಿಯ ಹಳೆಯ ಕೊಂಬೆ, ಒಳಗೆ ಟೊಳ್ಳಾಗಿತ್ತು. ಅದನ್ನು ಕುಯ್ದು ಇಳಿಸಿ, ಮೈದುನನ ಜೊತೆ ಸೂರು ಹತ್ತಿ ಶೀಟು ಬದಲಾಯಿಸಿದೆವು. ಎಲ್‌ಸಿ ಕೇಳುವ ಅಗತ್ಯ ಬರಲಿಲ್ಲ. ನಾವು ಮೇಲೆ ಮೊಳೆ ಹೊಡೆಯುವಷ್ಟು ಹೊತ್ತೂ ಕೆಳಗೆ ಗಾಣ ತಿರುಗುತ್ತಲೇ ಇತ್ತು.